ಇನ್ನೊಂದು ಸಲ ಅಂದವರು ಯಾರು

ನವೆಂಬರ್ 6, ಬೆಳಗ್ಗೆ

ಬ್ಯಾಂಡೇಜ್ ಬಿಚ್ಚಿ ನೋಡಿದೆ. ಬಲ ತೊಡೆಸಂದಿಯಲ್ಲಿ ನೀಲಿ, ಅಂಚಿನಲ್ಲಿ ಹಳದಿಗೆ ತಿರುಗುತ್ತಿದೆ. ಮಾಯುತ್ತಿದೆ ಎಂದು ಅರ್ಥವಂತೆ. ರಕ್ತ ತೆಳುವಾಗಿಸುವ ಮಾತ್ರೆ ತಿಂಡಿಯ ನಂತರ. ಶೇವ್ ಮಾಡುವಾಗ ಕುಯ್ದುಕೊಳ್ಳಬೇಡಿ ಎಂದು ಇವಳು ಬಚ್ಚಲಿನ ಹೊರಗಿನಿಂದ ಹೇಳಿದಳು. ನಿನ್ನೆಯೂ ಹೇಳಿದ್ದಳು. ಇವಳು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. ಮದುವೆಯಾದಾಗಿನಿಂದ ನನಗೆ ಗೊತ್ತಿರುವ ಸಂಗತಿ.

ಎದೆ ಸದ್ಯ ಸುಮ್ಮನಿದೆ. ಪೇಸ್‌ಮೇಕರ್ ಹಾಕಿ ನಾಲ್ಕು ತಿಂಗಳು. ಅಬ್ಲೇಷನ್ ಆಗಿ ನಾಲ್ಕು ದಿನ. ಮೊದಲು ಹೃದಯದ ಕೆಳಗಿನ ಕೋಣೆ ತೀರಾ ನಿಧಾನ ಎಂದು ಎಡ ಹೆಗಲ ಕೆಳಗೆ ಯಂತ್ರ ಕೂರಿಸಿ, ಅದರಿಂದ ವೈರ್ ಇಳಿಬಿಟ್ಟರು. ಆಮೇಲೆ ಮೇಲಿನ ಕೋಣೆ ತೀರಾ ವೇಗ ಎಂದು ತೊಡೆಯ ನರದಿಂದ ತಂತಿ ತೂರಿಸಿ ಒಳಗೆ ಒಂದು ಗೆರೆ ಸುಟ್ಟರು. ಒಂದೇ ಮನೆ. ಕೆಳಗಿನವರು ಏಳುವುದಿಲ್ಲ, ಮೇಲಿನವರು ಮಲಗುವುದಿಲ್ಲ. ಈ ಮಾತು ಹೇಳಿದಾಗ ಡಾಕ್ಟರು ನಕ್ಕಿದ್ದರು.

ಸುಡುವುದು ನನ್ನ ಕಸುಬಿಗೆ ದೂರದ್ದಲ್ಲ. ಗೋಡೌನು, ಅಂಗಡಿ, ಫ್ಯಾಕ್ಟರಿ ಸುಟ್ಟ ಮೇಲೆ ಇನ್ಶೂರೆನ್ಸ್ ಕಂಪನಿ ನನ್ನನ್ನು ಕಳಿಸುತ್ತದೆ. ಬೆಂಕಿ ಎಲ್ಲಿ ಹುಟ್ಟಿತು, ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ — ನೋಡಿ ಬರೆದುಕೊಡಬೇಕು. ಅದಕ್ಕೇ ಇರಬೇಕು, ಆಪರೇಷನ್ ಟೇಬಲ್ ಮೇಲೆ ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಅರೆನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರು. 'ಮುಗೀತು' ಎಂದರು ಯಾರೋ. ಸಾಮಾನು ಎತ್ತಿಡುವ ಸದ್ದು. ಆಮೇಲೆ ಒಂದು ದನಿ — 'ಇನ್ನೊಂದು ಸಲ.' ಆಮೇಲೆ ಏನೂ ಇಲ್ಲ. ನಿದ್ದೆಗೆ ಒಂದು ಅಂಚಾದರೂ ಇರುತ್ತದೆ, ಇದಕ್ಕೆ ಇರಲಿಲ್ಲ. ಮತ್ತೆ ಕಿವಿಗೆ ಏನಾದರೂ ಬಿದ್ದಾಗ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರೋ ಓಡುತ್ತಿದ್ದರು.

ಕಾಫಿ ತಂದಾಗ ಕೇಳಿದೆ. 'ಅವತ್ತು ಒಳಗೆ ಏನಾದರೂ…'

'ಏನೂ ಆಗಿಲ್ಲ ರೀ. ಎಲ್ಲಾ ಸಲೀಸಾಯ್ತು ಅಂದ್ರಲ್ಲ ಡಾಕ್ಟರು.'

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧವಿತ್ತು. ಇನ್ನು ಕೇಳುವುದಿಲ್ಲ.


ನವೆಂಬರ್ 7

ಸುಟ್ಟ ಜಾಗಕ್ಕೆ ಹೋದರೆ ಮೊದಲು ಯಾರನ್ನೂ ಮಾತಾಡಿಸುವುದಿಲ್ಲ. ನಿಂತು ನೋಡುತ್ತೇನೆ. ಯಾವುದು ಸುಡಬಾರದಿತ್ತು, ಸುಟ್ಟಿದೆ. ಯಾವುದು ಸುಡಬೇಕಿತ್ತು, ಸುಟ್ಟಿಲ್ಲ. ಈ ಸಲ ಜಾಗ ನನ್ನೊಳಗೇ ಇದೆ, ಕಾಲಿಡುವ ಹಾಗಿಲ್ಲ. ಉಳಿದದ್ದು ಜನ.

ಒಳಗೆ ಇದ್ದವರು: ಡಾಕ್ಟರು. ಇಬ್ಬರು ನರ್ಸ್. ಮತ್ತು ಪೇಸ್‌ಮೇಕರ್ ಕಂಪನಿಯ ಮನುಷ್ಯ — ತೆಳ್ಳಗೆ, ಟೈ ಕಟ್ಟಿ, ಕೈಯಲ್ಲಿ ಸದಾ ಆ ಪೆಟ್ಟಿಗೆ. ನಾನಿಟ್ಟ ಹೆಸರು ಬ್ರೀಫ್‌ಕೇಸ್. ಪೆಟ್ಟಿಗೆ ತೆರೆದು, ಒಂದು ಬಿಲ್ಲೆಯನ್ನು ನನ್ನ ಎದೆ ಮೇಲಿಟ್ಟರೆ ಯಂತ್ರ ಅವನ ಮಾತು ಕೇಳುತ್ತದೆ. ಅಬ್ಲೇಷನ್‌ಗೆ ಮುಂಚೆ ವಾರ್ಡಿಗೆ ಬಂದು ವಿವರಿಸಿದ್ದ.

'ಸುಡೋ ಕರೆಂಟು ಒಳಗಡೆ ಗಲಾಟೆ ಮಾಡುತ್ತೆ ಸರ್. ಆ ಗಲಾಟೇನ ನಿಮ್ಮ ಮಷಿನ್ನು ಹೃದಯದ ಬಡಿತ ಅಂದ್ಕೊಂಡುಬಿಡುತ್ತೆ. ಓ, ಇವರು ತಾವೇ ಬಡ್ಕೋತಿದಾರೆ, ನನಗೇನು ಕೆಲಸ ಅಂತ ಸುಮ್ನಾಗ್ಬಿಡುತ್ತೆ. ಅದಕ್ಕೆ ಮೊದಲೇ ನಾನು ಅದರ ಕಿವಿ ಮುಚ್ಚಿಬಿಡ್ತೀನಿ. ತನ್ನ ಪಾಡಿಗೆ ಹೊಡೀತಾ ಇರುತ್ತೆ. ಎಲ್ಲಾ ಮುಗಿದ ಮೇಲೆ ಮತ್ತೆ ಕಿವಿ ತೆಗೆಯೋದು.'

'ಅದು ಸುಮ್ಮನಾದರೆ ನನ್ನ ಹೃದಯ?'

'ನಿಮ್ಮದು ಪೂರಾ ಮಷಿನ್ ಮೇಲೇ ನಿಂತಿದೆ ಸರ್.'

'ಕಿವಿ ಮುಚ್ಚೋದು ಮರೆತರೆ?'

'ಮರೆಯೋದಾ! ಸರ್, ನನಗೆ ಅಲ್ಲಿ ಇರೋದೇ ಅದೊಂದು ಕೆಲಸ.' ನಕ್ಕ. ನಗು ಸ್ವಲ್ಪ ಜಾಸ್ತಿಯಾಗಿತ್ತು.

ಅಬ್ಲೇಷನ್ ಆದ ದಿನ ಸಂಜೆ ಮತ್ತೆ ವಾರ್ಡಿಗೆ ಬಂದು ಬಿಲ್ಲೆ ಇಟ್ಟು ನೋಡಿದ. ನಗಲಿಲ್ಲ. ನನ್ನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದ.


ನವೆಂಬರ್ 10

ಅಕ್ಕ ಬಂದಿದ್ದಳು. ಚಪ್ಪಲಿ ಬಿಡುವಾಗಲೇ ಶುರು.

'ಏನೋ, ಬೆಂಕಿ ಸರ್ವೇಯರ್‌ಗೇ ಬೆಂಕಿ ಇಟ್ಟುಬಿಟ್ರಂತೆ? ರಿಪೋರ್ಟು ಯಾರು ಬರೀತಾರೆ ಈಗ?'

'ನೋಡ್ತಾ ಇದೀನಿ.'

'ನೋಡ್ತಾ ಇರ್ತೀಯ, ಗೊತ್ತು. ಅದಕ್ಕೇ ಮುಖ ಗಂಟು ಹಾಕ್ಕೊಂಡು ಕೂತಿದೀಯ. ಚಿಕ್ಕೋನಿದ್ದಾಗ ನಾನು ಬಿಸ್ಕತ್ತು ಕೊಟ್ರೂ ಮೂಸಿ ನೋಡೇ ತಿಂತಿದ್ದೆ.'

'ನೀನು ಸೋಪು ಸವರಿ ಕೊಟ್ಟಿದ್ದೆ.'

'ಒಂದೇ ಒಂದು ಸಲ ಕಣೋ! ಅದಕ್ಕೆ ಜೀವಮಾನ ಪೂರ್ತಿ ಮೂಸ್ತೀಯಾ?'

ನನಗೂ ನಗು ಬಂತು. ನಕ್ಕರೆ ತೊಡೆ ಇನ್ನೂ ಎಳೆಯುತ್ತದೆ.

ಆಮೇಲೆ ದನಿ ತಗ್ಗಿಸಿ, 'ಇವಳ ಮುಖ ನೋಡಿಯಾದ್ರೂ ಸ್ವಲ್ಪ ಸರಿಯಾಗಿರೋ. ಅವತ್ತು ಆ ಕಾರಿಡಾರಲ್ಲಿ ಡಾಕ್ಟರ ಜೊತೆ ಮಾತಾಡಿ ಬಂದ ಮೇಲೆ ಎಷ್ಟು ಅತ್ತಳು ಅಂದ್ರೆ—'

'ಅತ್ತಿಗೆ, ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?' ಅಡುಗೆಮನೆಯಿಂದ.

ಅಕ್ಕ ಸಕ್ಕರೆ ಬಿಟ್ಟು ಎಷ್ಟೋ ವರ್ಷವಾಯಿತು. ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಕ್ಕನೂ ಒಂದು ಕ್ಷಣ ನನ್ನನ್ನು, ಅಡುಗೆಮನೆಯ ಬಾಗಿಲನ್ನು ನೋಡಿ, 'ಬೇಡ ಕಣೇ' ಎಂದಳು. ಇವಳು ಅತ್ತದ್ದರ ಮಾತು ಅಲ್ಲಿಗೇ ನಿಂತಿತು.

ಸಲೀಸಾದ ಕೆಲಸಕ್ಕೆ ಯಾರೂ ಅಳುವುದಿಲ್ಲ.


ನವೆಂಬರ್ 11, ಮಧ್ಯಾಹ್ನ

ಕಪಾಟಿನ ಮೇಲಿನ ಅರೆಯಿಂದ ಶಾಲು ತೆಗೆಯಲು ಹೋದೆ. ಕತ್ತಲಾಯಿತು.

ಬೀಳಲಿಲ್ಲ. ಇನ್ನೊಂದು ಕೈ ಕಪಾಟಿನ ಬಾಗಿಲ ಮೇಲಿತ್ತು. ಎದೆಯಲ್ಲಿ ಏನೂ ಇರಲಿಲ್ಲ. ನೋವಲ್ಲ, ಉರಿಯಲ್ಲ — ಖಾಲಿ ಕೋಣೆಯೊಳಗೆ ಇಣುಕಿದ ಹಾಗೆ. ಆಮೇಲೆ ಒಳಗಿನಿಂದ ಒಂದು ದೊಡ್ಡ ಗುದ್ದು. ಮತ್ತೆ ಮಾಮೂಲು.

ಟೇಬಲ್ ಮೇಲಿನ ಆ ಅಂಚಿಲ್ಲದ ಕತ್ತಲು. ಅದೇ.

ಇವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕರೆಯಲಿಲ್ಲ. ಕರೆದರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಡಾಕ್ಟರು ಮತ್ತು ಇವಳು ಈಗ ಒಂದು ಕಡೆ; ನಾನೊಬ್ಬ ಈಚೆ. ನನ್ನ ಕೈಯಲ್ಲಿರುವುದನ್ನು ತೋರಿಸಿಬಿಟ್ಟರೆ, ಅವರು ಅದಕ್ಕೆ ತಕ್ಕ ಹಾಗೆ ಕಥೆ ಹೊಲಿದುಕೊಳ್ಳುತ್ತಾರೆ. ಸುಟ್ಟ ಅಂಗಡಿಗಳ ಮಾಲೀಕರು ಹಾಗೆಯೇ ಮಾಡುವುದು. ಮಸಿ ಎಲ್ಲಿ ದಟ್ಟವಾಗಿದೆ ಎಂದು ಬಾಯಿ ಬಿಟ್ಟರೆ ಸಾಕು, ಬೆಂಕಿ ಅಲ್ಲೇ ಹತ್ತಿದ್ದು ಸರ್ ಎನ್ನುತ್ತಾರೆ.

ಮೊದಲು ಅವರಿಗೆ ಗೊತ್ತಿರುವುದು ನನಗೆ ಬರಲಿ. ಆಮೇಲೆ ನನ್ನದು.


ನವೆಂಬರ್ 16

ಚೆಕಪ್. ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿ. ಒಂದು ಮೀನು ಗಾಜಿಗೆ ಬಾಯಿ ಹಚ್ಚಿಕೊಂಡೇ ಇತ್ತು. ಇವಳು ನನ್ನ ಫೈಲನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು, ಯಾರೋ ಕಿತ್ತುಕೊಂಡು ಓಡುವವರಿದ್ದಾರೆ ಎಂಬಂತೆ.

ಒಳಗೆ ಮಂಚದ ಮೇಲೆ ಮಲಗಿಸಿದರು. ಬ್ರೀಫ್‌ಕೇಸ್ ಬಿಲ್ಲೆ ಇಟ್ಟ. ಪರದೆ ನೋಡಿದ. ಏನೋ ಒತ್ತಿದ. ಮತ್ತೆ ನೋಡಿದ. ಡಾಕ್ಟರಿಗೆ ಪರದೆ ತಿರುಗಿಸಿದ. ಡಾಕ್ಟರು 'ಹೂಂ' ಎಂದರು. ಆ 'ಹೂಂ' ಎರಡು ರೀತಿ ಆಗಬಹುದಿತ್ತು.

'ಏನು ಬದಲಾಯಿಸಿದಿರಿ?'

'ಏನಿಲ್ಲ ಸರ್, ಔಟ್‌ಪುಟ್ಟು, ಅಂದ್ರೆ ಮಷಿನ್ ಹೊಡೆಯೋ ಜೋರು, ಸ್ವಲ್ಪ ಜಾಸ್ತಿ ಇಟ್ಟಿದೀನಿ. ಸೇಫ್ಟಿಗೆ.'

'ಮೊದಲು ಇದ್ದದ್ದು ಸೇಫ್ ಇರಲಿಲ್ವಾ?'

ಬ್ರೀಫ್‌ಕೇಸ್ ಡಾಕ್ಟರನ್ನು ನೋಡಿದ. ಡಾಕ್ಟರು ನಕ್ಕರು. 'ನಿಮ್ಮನ್ನ ಕ್ರಾಸ್ ಎಕ್ಸಾಮಿನೇಷನ್‌ಗೆ ಕರೆದಿಲ್ಲ, ಚೆಕಪ್‌ಗೆ ಕರೆದಿರೋದು. ನಾನು ಕೇಳ್ತೀನಿ, ನೀವು ಹೇಳಿ. ತಲೆಸುತ್ತು?'

'ಇಲ್ಲ.'

'ಕಣ್ಣು ಕತ್ತಲೆ ಬರೋದು? ಬಿದ್ದಿದ್ದು ಗಿದ್ದಿದ್ದು?'

'ಇಲ್ಲ.'

'ಗಾಡಿ ಓಡಿಸ್ಬೇಡಿ ಇನ್ನೂ ಸ್ವಲ್ಪ ದಿನ. ಬೇರೆಲ್ಲ ಮಾಡಬಹುದು. ಏನೇ ಅನಿಸಿದ್ರೂ ಫೋನ್ ಮಾಡಿ.'

ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು. 'ಇಲ್ಲ' ಎಂದಾಗ ಉಸಿರು ಬಿಟ್ಟಳು. ನನಗೆ ಕೇಳಿಸುವಷ್ಟು. ಯಾವುದಕ್ಕೆ ನಿರಾಳ — ನಾನು ಚೆನ್ನಾಗಿರುವುದಕ್ಕೋ, ನನಗೆ ತಿಳಿಯದೆ ಇರುವುದಕ್ಕೋ.

ಎರಡು ಸಲ ಸುಳ್ಳು ಹೇಳಿದೆ. ಬಹಳ ಸುಲಭವಾಗಿ ಬಂತು.


ನವೆಂಬರ್ 17

ಇವಳು ಬಾಲ್ಕನಿಯಲ್ಲಿ, ಫೋನಿನಲ್ಲಿ. ಬಟ್ಟೆ ಒಣಗಿಸುವ ನೆಪ. ಒಂದೇ ಅಂಗಿಯನ್ನು ಮೂರು ಸಲ ಕೊಡವಿದಳು.

'ಇಲ್ಲ, ಅವರಿಗೆ ಗೊತ್ತಾಗಿಲ್ಲ… ಹೂಂ… ಹೂಂ, ನೀವು ಹೇಳ್ಬೇಡಿ.'

ನನ್ನನ್ನು ಕಂಡು, 'ಟೈಲರ್ ಅಂಗಡಿಯವರು' ಎಂದಳು. ಟೈಲರನಿಂದ ನನಗೇನು ಮುಚ್ಚಿಡುವುದು. ಸೊಂಟದ ಅಳತೆಯೇ?

ಹೀಗೆ ಬರೆದರೆ ತಮಾಷೆಯಾಗಿ ಕಾಣುತ್ತದೆ. ಆಗ ತಮಾಷೆಯಾಗಿರಲಿಲ್ಲ.


ನವೆಂಬರ್ 24

ಕೆಲಸಕ್ಕೆ ಹೋದೆ. ಇವಳು ಬೇಡವೆಂದಳು, ಹೋದೆ. ಟ್ಯಾಕ್ಸಿಯಲ್ಲಿ. ಮನೆಯಲ್ಲಿದ್ದರೆ ಇವಳನ್ನು ಕಾಯುವುದೇ ಕೆಲಸವಾಗಿಬಿಟ್ಟಿದೆ.

ಹಾಸಿಗೆ ಗೋಡೌನು. ಫೋಮ್ ಸುಟ್ಟ ವಾಸನೆ ಗಂಟಲಿಗೆ ಅಂಟುತ್ತದೆ, ಎರಡು ದಿನ ಬಿಡುವುದಿಲ್ಲ. ಅರ್ಧ ಗೋಡೌನು ಹೋಗಿದೆ. ಇನ್ನರ್ಧದಲ್ಲಿ ಹಾಸಿಗೆಗಳು ಒಂದರ ಮೇಲೊಂದು, ನೀರು ಕುಡಿದು ಊದಿಕೊಂಡಿವೆ. ಮಾಲೀಕ ಗುಂಡಗಿನ ಮನುಷ್ಯ, ಬಾಯಿ ನಿಲ್ಲುವುದಿಲ್ಲ.

'ಶಾರ್ಟ್ ಸರ್ಕ್ಯೂಟು ಸಾಹೇಬ್ರೇ. ಬೇರೆ ಏನೂ ಅಲ್ಲ. ನೀವು ಸುಮ್ನೆ ಕಷ್ಟಪಡಬೇಡಿ.'

'ಕಷ್ಟಪಡೋದಕ್ಕೇ ಬಂದಿರೋದು.'

'ಅಯ್ಯೋ, ನಿಮ್ಮ ಮುಖ ನೋಡಿದ್ರೆ ನೀವೇ ಬೆಂಕಿಯಿಂದ ಎದ್ದು ಬಂದ ಹಾಗಿದೀರಿ. ಕಾಫಿ ತರಿಸ್ಲಾ?'

ಬೇಡವೆಂದೆ. ಚಾವಣಿಯ ಕಬ್ಬಿಣದ ತೊಲೆ ಒಂದು ಕಡೆ ಮಾತ್ರ ಬಾಗಿತ್ತು. ಬಿಸಿ ಅಲ್ಲಿ ಹೆಚ್ಚು ಹೊತ್ತು ನಿಂತಿದೆ. ಬಲಗೈಯಲ್ಲಿ ಕ್ಯಾಮೆರಾ. ಟಾರ್ಚನ್ನು ಎಡಗೈಯಲ್ಲಿ ತಲೆಯ ಮೇಲಕ್ಕೆತ್ತಿ, ಸ್ವಲ್ಪ ಹಿಂದಕ್ಕೆ ವಾಲಿ, ಬೆಳಕು ಬಿಟ್ಟೆ.

ಕಣ್ಣು ತೆರೆದಾಗ ಮಾಲೀಕನ ಮುಖ ಬಹಳ ಹತ್ತಿರದಲ್ಲಿತ್ತು. ಬೆನ್ನು ಒದ್ದೆ.

'ಒಳ್ಳೇ ಜಾಗ ನೋಡ್ಕೊಂಡು ಬಿದ್ರಿ ಸಾಹೇಬ್ರೇ. ಗಾಜಿನ ಗೋಡೌನಾಗಿದ್ರೆ ಗತಿ ಏನು? ನಮ್ಮದು ಹಾಸಿಗೆ, ಬಚಾವ್.' ನಗುತ್ತಿದ್ದ. 'ಆಸ್ಪತ್ರೆಗೆ ಹೋಗೋಣ್ವಾ? ಮನೆಗೆ ಫೋನ್ ಮಾಡ್ಲಾ?'

'ಬೇಡ. ಯಾರಿಗೂ ಹೇಳೋದು ಬೇಡ.'

'ಛೇ ಛೇ, ನಾನ್ಯಾಕೆ ಹೇಳ್ಲಿ. ನನ್ನ ಬಾಯಿಗೆ ಬೀಗ. ಹಾಗೇ ನೀವೂ…' ಬಾಗಿದ ತೊಲೆಯ ಕಡೆ ಒಮ್ಮೆ ನೋಡಿದ. ವಾಕ್ಯ ಮುಗಿಸಲಿಲ್ಲ.

ಅರ್ಥವಾಯಿತು. ಅವನ ಗುಟ್ಟೊಂದು ನನ್ನ ಹತ್ತಿರ, ನನ್ನದೊಂದು ಅವನ ಹತ್ತಿರ.

ಅಂಗಿಯ ಬೆನ್ನಿಗೆ ಮಸಿ ಹೇಗಾಯಿತು ಎಂದು ಇವಳು ಕೇಳಿದಳು. ಗೋಡೆಗೆ ಒರಗಿದ್ದೆ ಎಂದೆ. 'ನೀವು ಸುಟ್ಟ ಗೋಡೆಗೆ ಒರಗೋರಲ್ಲವಲ್ಲ' ಎಂದು ಅಂಗಿಯನ್ನು ನೀರಿಗೆ ಹಾಕಿದಳು. ಮುಂದೆ ಕೇಳಲಿಲ್ಲ. ಇವಳೂ ನನ್ನಿಂದ ಕಸುಬು ಕಲಿತಿದ್ದಾಳೆ.


ನವೆಂಬರ್ 25, ಬೆಳಗ್ಗೆ ಹತ್ತು ಗಂಟೆ

ಇವಳು ಅಂಗಡಿಗೆ ಹೋಗಿದ್ದಾಳೆ. ಈಗಷ್ಟೇ ಪರೀಕ್ಷೆ ಮಾಡಿದೆ.

ಕೈಯಿರುವ ಕುರ್ಚಿಯನ್ನು ಕನ್ನಡಿಯ ಮುಂದೆ ಇಟ್ಟೆ. ಕುತ್ತಿಗೆಯ ಪಕ್ಕ ಬಲಗೈ ಬೆರಳಿಟ್ಟು ನಾಡಿ ಹಿಡಿದು ಕೂತೆ. ಎಡಗೈ ಮುಂದಕ್ಕೆ ಚಾಚಿದೆ. ಏನೂ ಇಲ್ಲ. ಪಕ್ಕಕ್ಕೆ. ಏನೂ ಇಲ್ಲ. ಮೇಲಕ್ಕೆ. ಏನೂ ಇಲ್ಲ. ಮೇಲಕ್ಕೆತ್ತಿ ಸ್ವಲ್ಪ ಹಿಂದಕ್ಕೆ, ಕಪಾಟಿನ ಮೇಲಿನ ಅರೆಯಲ್ಲಿ ಕೈಯಾಡಿಸುವ ಹಾಗೆ —

ಬೆರಳಿನ ಕೆಳಗೆ ನಾಡಿ ಇಲ್ಲ. ಕನ್ನಡಿಯಲ್ಲಿರುವವನು ನನ್ನನ್ನೇ ನೋಡುತ್ತಿದ್ದ. ಅವನೂ ಹೋದ.

ಎಚ್ಚರಾದಾಗ ಗದ್ದ ಎದೆಗೆ ತಾಗಿತ್ತು. ಕೈ ತಾನಾಗಿ ಕೆಳಗೆ ಬಿದ್ದಿತ್ತು. ಅದಕ್ಕೇ ಎಚ್ಚರಾಯಿತು.

ಮೊದಲು ಬಂದದ್ದು ಖುಷಿ. ಸಿಕ್ಕಿತಲ್ಲ ಎಂಬ ಖುಷಿ. ಬೂದಿಯೊಳಗೆ ಬೆಂಕಿ ಹುಟ್ಟಿದ ಜಾಗ ಕಂಡಾಗ ಬರುತ್ತದಲ್ಲ, ಅದು. ಭಯ ಆಮೇಲೆ ಬಂತು. ಈ ಕ್ರಮವನ್ನು ಬರೆದಿಡಬೇಕು ಅನ್ನಿಸಿತು.

ವೈರ್. ಒಳಗೆ ವೈರಿನ ತುದಿ ತನ್ನ ಜಾಗದಿಂದ ಜರುಗಿದೆ. ತಾಗಿಯೂ ತಾಗದ ಹಾಗೆ ನಿಂತಿದೆ. ಕೈ ಎತ್ತಿದರೆ ಬಿಡುತ್ತದೆ. ನಾಲ್ಕು ತಿಂಗಳು ಕೈ ಎತ್ತಿದರೂ ಆಗದ್ದು ಈಗ ಆಗುತ್ತಿದೆ. ಅವತ್ತು ಆ 'ಇನ್ನೊಂದು ಸಲ'ದಲ್ಲಿ ಆದದ್ದು ಇದು. ಯಾರು ಮಾಡಿದ್ದು, ಯಾರು ಹೇಳಿದ್ದು.

ಗೇಟಿನ ಸದ್ದು. ಕುರ್ಚಿ ವಾಪಸು ಇಡಬೇಕು.


ನವೆಂಬರ್ 28

ಬ್ರೀಫ್‌ಕೇಸ್ ಸಿಕ್ಕ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಮೂಲೆಯ ಟೇಬಲ್. ಪೆಟ್ಟಿಗೆ ಪಕ್ಕದ ಕುರ್ಚಿಯಲ್ಲಿ, ಊಟಕ್ಕೆ ಕರೆದುಕೊಂಡು ಬಂದವರಂತೆ. ಎದುರು ಕೂತೆ. ಬ್ರೆಡ್ ಬಾಯಲ್ಲಿತ್ತು, ಅಗಿಯುವುದು ನಿಂತಿತು.

'ಕಿವಿ ತೆಗೆದ ಮೇಲೆ ಸುಟ್ಟರು. ಅಲ್ವಾ?'

ಇದು ಹಳೆಯ ಉಪಾಯ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬ ಹಾಗೆ ಕೇಳುವುದು. ಮೂರು ವಾರದಲ್ಲಿ ನನಗೆ ಹೊಳೆದದ್ದು ಅದೊಂದೇ. ಯಂತ್ರ ಸುಮ್ಮನಾಗಲು ಬೇರೆ ದಾರಿ ಕಾಣಲಿಲ್ಲ.

ಬ್ರೆಡ್ ನುಂಗಿದ. ನೀರು ಕುಡಿದ. 'ಮೇಡಂ ಹೇಳಿದ್ರಾ ಸರ್?'

ಅವನ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದೆ.

'ನಾನು ಜೋರಾಗೇ ಹೇಳಿದ್ದೆ ಸರ್. ಕಿವಿ ತೆಗೆದಿದೀನಿ ಅಂತ. ಮುಗೀತು ಅಂದ್ರಲ್ಲ ಎಲ್ಲರೂ. ಪೆಟ್ಟಿಗೆ ಮುಚ್ಚಿ ಬಾಗಿಲ ಹತ್ತಿರ ಹೋಗಿದ್ದೆ. ಅಷ್ಟರಲ್ಲಿ ಡಾಕ್ಟರು ಕೊನೇದಾಗಿ ಪರೀಕ್ಷೆ ಮಾಡಿದ್ರು, ಸುಟ್ಟ ಗೆರೆ ಒಂದು ಕಡೆ ಬಿಟ್ಟಿತ್ತು. ಇನ್ನೊಂದು ಸಲ ಅಂತ ಸುಡೋ ಕರೆಂಟಿನ ಪೆಡಲ್ ಒತ್ತಿಬಿಟ್ರು. ಮಷಿನ್ ಸುಮ್ನಾಯ್ತು. ಪರದೆ ಮೇಲೆ ಉದ್ದಕ್ಕೆ ಗೆರೆ. ಡಾಕ್ಟರು ಕಾಲು ತೆಗೆದ್ರು, ತಂತಿ ಸರಕ್ಕನೆ ಹಿಂದಕ್ಕೆಳೆದ್ರು. ನಾನು ಓಡಿ ಬಂದೆ. ಅಷ್ಟೊತ್ತಿಗೆ ಮತ್ತೆ ಶುರುವಾಗಿತ್ತು ಸರ್. ದೇವರಾಣೆ, ಅಷ್ಟೇ ಆಗಿದ್ದು.'

'ಅಂದರೆ ಇನ್ನೊಂದು ಸಲ ಅಂದವರು ಡಾಕ್ಟರು.'

ತಲೆ ಕೆರೆದುಕೊಂಡ. 'ಮೊದಲು ಅಂದಿದ್ದು ನೀವು ಸರ್.'

'ನಾನಾ?'

'ಆ ಇಂಜೆಕ್ಷನ್‌ನಲ್ಲಿ ಕೆಲವರು ಮಾತಾಡ್ತಾರೆ. ನೀವು ಮಾತಾಡ್ತಾನೇ ಇದ್ರಿ. ಎಲ್ಲಾ ಆರಿದೆಯಾ ನೋಡಿ, ಇನ್ನೊಂದು ಸಲ ನೋಡಿ, ಒಳಗೆ ಕಿಡಿ ಇರುತ್ತೆ ಅಂತ. ನರ್ಸ್‌ಗಳೆಲ್ಲ ನಗ್ತಿದ್ರು. ಡಾಕ್ಟರೂ ನಕ್ಕು, ಆಯ್ತು ಮಾರಾಯರೇ, ನೋಡೋಣ ಅಂತ ಮತ್ತೆ ಪರೀಕ್ಷೆಗೆ ಕೂತ್ರು. ನೋಡಿದ್ರೆ ನಿಜವಾಗ್ಲೂ ಬಿಟ್ಟಿತ್ತು.'

ಹೊರಗೆ ಟ್ರಾಲಿಯೊಂದು ಹೋಯಿತು. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು.

'ತಂತಿ ಎಳೆದಾಗ ನನ್ನ ವೈರಿಗೆ ತಾಗಿರಬಹುದಾ?'

ಅವನು ಈಗ ನನ್ನನ್ನು ನೇರವಾಗಿ ನೋಡಿದ. ಇದು ಮೊದಲ ಸಲ. 'ಯಾಕೆ ಸರ್? ಏನಾದ್ರೂ ಆಗ್ತಿದೆಯಾ ನಿಮಗೆ?'

'ಇಲ್ಲ.'

'ಆಗ್ತಿದ್ರೆ ಹೇಳಿ ಸರ್. ವೈರ್ ಹಾಕಿ ಇನ್ನೂ ಐದು ತಿಂಗಳೂ ಆಗಿಲ್ಲ, ಪೂರ್ತಿ ಗಟ್ಟಿಯಾಗಿರಲ್ಲ. ಅವತ್ತು ಚೆಕಪ್‌ನಲ್ಲಿ ಹೃದಯ ಬಡಿಸೋಕೆ ಬೇಕಾದ ಕರೆಂಟಿನ ನಂಬರು ಒಂಚೂರು ಏರಿತ್ತು, ಅದಕ್ಕೇ ಔಟ್‌ಪುಟ್ಟು ಜಾಸ್ತಿ ಮಾಡಿದ್ದು. ಮಲಗಿಸಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ನೀವು ಬಾಯಿ ಬಿಡ್ದಿದ್ರೆ ನಮಗೆ ಗೊತ್ತಾಗೋ ದಾರೀನೇ ಇಲ್ಲ. ಒಂದೊಂದು ಸಲ ಬಿಟ್ಟು ಹಿಡಿಯೋದು, ಒಂದು ದಿನ ಬಿಟ್ಟೇ ಬಿಡಬಹುದು. ಹೇಳಿದ್ರೆ ಅರ್ಧ ದಿನದ ಕೆಲಸ ಸರ್, ವೈರು ಸರಿ ಮಾಡಿ ಕೂರಿಸ್ತಾರೆ.'

'ಇವಳಿಗೆ ಎಲ್ಲಾ ಗೊತ್ತಾ?'

'ಡಾಕ್ಟರು ಅವತ್ತೇ ಹೇಳಿದ್ರು. ನಿಮಗೂ ಹೇಳೋಣ ಅಂದ್ರು. ಮೇಡಂ ಬೇಡ ಅಂದ್ರು. ಹೇಳಿದ್ರೆ ಇನ್ನು ಈ ಆಸ್ಪತ್ರೆಗೆ ಕಾಲಿಡಲ್ಲ, ಚೆಕಪ್‌ಗೂ ಬರಲ್ಲ, ನಿಮ್ಮೆಲ್ಲರ ಮೇಲೂ ರಿಪೋರ್ಟ್ ಬರೀತಾ ಕೂತ್ಕೋತಾರೆ ಅಂದ್ರು. ವಾರಕ್ಕೊಂದು ಸಲ ನನಗೆ ಫೋನ್ ಮಾಡಿ ಕೇಳ್ತಾರೆ, ಏನು ನೋಡ್ಕೋಬೇಕು ಅಂತ.'

ಟೈಲರ್.


ನವೆಂಬರ್ 29

ನಾನೇ ಹೇಳಿದ್ದೆ? ಸಿಕ್ಕಿಬಿದ್ದವರೆಲ್ಲ ಕಡೆಗೆ ಹಿಡಿಯುವ ದಾರಿ ಇದು — ಸರ್, ನೀವೇ ಅಲ್ವಾ ಹೇಳಿದ್ದು. ನೂರು ಸಲ ಕೇಳಿದ್ದೇನೆ. ನಂಬುವುದಿಲ್ಲ.

ಆದರೆ 'ಒಳಗೆ ಕಿಡಿ ಇರುತ್ತೆ' — ಅದನ್ನು ಅವನು ಕಟ್ಟಿ ಹೇಳಲಾರ. ಫೈರ್ ಎಂಜಿನಿನವರು ಪೈಪು ಸುತ್ತುವಾಗ ನಾನು ಹೇಳುವ ಮಾತು ಅದು. ಅವರು ನನ್ನನ್ನು ಬೈದುಕೊಳ್ಳುವ ಮಾತು.

ಈಗ ನೆನಪು ಮಾಡಿಕೊಂಡರೆ ಟೇಬಲ್ ಮೇಲೆ ಕೇಳಿದ ದನಿ ನನ್ನದೇ ಎಂದು ಅನ್ನಿಸುತ್ತಿದೆ. ಅದನ್ನೂ ನಂಬುವ ಹಾಗಿಲ್ಲ. ಸಾಕ್ಷಿಗಳಿಗೆ ಒಂದು ಸಲ ಹೇಳಿಕೊಟ್ಟರೆ ಸಾಕು, ಆಮೇಲೆ ಅವರಿಗೆ ಹಾಗೇ ಕಂಡಿರುತ್ತದೆ.

ಗೆರೆ ಬಿಟ್ಟಿದ್ದು ನಿಜವಾದರೆ ಆ ಸಲ ಸುಟ್ಟದ್ದು ಸರಿ. ಕಿವಿ ಮುಚ್ಚದೆ ಸುಟ್ಟದ್ದು ತಪ್ಪು. ಎರಡೂ ಒಂದೇ ಪೆಡಲಿನ ಕೆಳಗೆ ಇವೆ. ಇದನ್ನು ಹೇಗೆ ಬರೆಯುತ್ತಾರೆ, ತಿಳಿಯದು.

ಊಟಕ್ಕೆ ಕೂತಾಗ ಇವಳು ನನ್ನ ತಟ್ಟೆಗೆ ಬಡಿಸಿ, ಬಡಿಸಿದ ಕೈಯನ್ನು ಒಂದು ಕ್ಷಣ ನನ್ನ ಮಣಿಕಟ್ಟಿನ ಮೇಲೆ ಇಟ್ಟಳು. ಸುಮ್ಮನೆ ಇಟ್ಟ ಹಾಗೆ. ನಾಡಿ ಇರುವ ಜಾಗದಲ್ಲೇ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಾಳೋ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ, ಆಮೇಲೆ ನಾಟಕ ಎಂದುಕೊಂಡೆ. ಈಗ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಹೇಳಬಹುದಿತ್ತು. 'ಒಂದು ವಿಷಯ' ಎಂದು ಶುರು ಮಾಡಿದೆ. 'ಏನು?' ಎಂದಳು. ಬಹಳ ಬೇಗ. ಮತ್ತೆ ಆ ಬೇಗ.

'ಉಪ್ಪು ಕಡಿಮೆ' ಎಂದೆ.


ನವೆಂಬರ್ 30

ಸ್ನಾನ ಮಾಡುವಾಗ ಎಡಗೈಯನ್ನು ಮೈಗೆ ಒತ್ತಿಕೊಂಡಿರುತ್ತೇನೆ. ಅಂಗಿಗೆ ಎಡಗೈ ಮೊದಲು, ಕೆಳಗಿನಿಂದ. ಬಸ್ಸಿನ ಕಂಬಿ ಬಲಗೈಯಲ್ಲಿ. ಅಭ್ಯಾಸವಾಗುತ್ತದೆ. ಹೀಗೆ ಎಷ್ಟು ದಿನ ಬೇಕಾದರೂ ಇರಬಹುದು ಎಂದು ಹಗಲು ಅನ್ನಿಸುತ್ತದೆ. ಮಲಗಿದ ಮೇಲೆ ಕೈ ತಾನಾಗಿ ತಲೆಯ ಕೆಳಗೆ ಹೋದರೆ?

ಕೈಯನ್ನು ಪಂಚೆಯ ಅಂಚಿಗೆ ಸಿಕ್ಕಿಸಿಕೊಂಡು ಮಲಗಿದೆ. ಕಳ್ಳನನ್ನು ಕಟ್ಟಿಹಾಕಿದ ಹಾಗೆ.


ಡಿಸೆಂಬರ್ 3, ಸಂಜೆ

ಬೇಗ ಬರೆಯಬೇಕು.

ಮಧ್ಯಾಹ್ನ ನಾನು ಮಲಗಿದ್ದೆ. ನನ್ನ ಫೋನ್ ಹಾಲ್‌ನಲ್ಲಿ ಚಾರ್ಜಿಗೆ ಇತ್ತು. ರಿಂಗಾದಾಗ ಇವಳು ತೆಗೆದುಕೊಂಡಳು. ಎದ್ದು ಬಂದಾಗ ಊಟದ ಮೇಜಿನ ಹತ್ತಿರ ಕೂತಿದ್ದಳು. ಕೈಯಲ್ಲಿ ಏನೂ ಇಲ್ಲ. ಇವಳ ಕೈ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ.

'ಯಾರೋ ಹಾಸಿಗೆ ಗೋಡೌನಿನವರು ಫೋನ್ ಮಾಡಿದ್ರು.'

'ಹೂಂ.'

'ಸಾಹೇಬ್ರು ಹೇಗಿದಾರಮ್ಮ, ಅವತ್ತು ಬಿದ್ದುಬಿಟ್ರಲ್ಲ, ನಾನು ಯಾರಿಗೂ ಹೇಳಿಲ್ಲ ಅಂದ್ರು. ರಿಪೋರ್ಟ್ ಏನಾಯ್ತು ಅಂತಾನೂ ಕೇಳಿದ್ರು.'

ನಗು ಬರಬೇಕಿತ್ತು. ಇಬ್ಬರಿಗೂ.

'ಟಾರ್ಚು ಎತ್ತಿದಾಗ ಬಿದ್ರಂತೆ. ಯಾವ ಕೈಲಿ?'

ಅಷ್ಟು ಸಣ್ಣ ಪ್ರಶ್ನೆ. ಡಾಕ್ಟರು ಕೇಳಿದಾಗ, ಬ್ರೀಫ್‌ಕೇಸ್ ಕೇಳಿದಾಗ ನಾಲಿಗೆಯ ತುದಿಯಲ್ಲೇ ಇದ್ದ 'ಇಲ್ಲ' ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

'ಎಡಗೈ.'

'ಎಷ್ಟು ಸಲ ಆಗಿದೆ?'

'ಕಪಾಟಿನ ಹತ್ತಿರ ಒಂದು ಸಲ. ಗೋಡೌನು. ಆಮೇಲೆ ನಾನೇ ಒಂದು ಸಲ… ನೋಡಿದೆ.'

'ನೀವೇ ನೋಡಿದ್ರಾ.' ಕಣ್ಣು ಮುಚ್ಚಿಕೊಂಡಳು. 'ಒಬ್ಬರೇ ಕೂತ್ಕೊಂಡು. ಸರಿ.'

'ನೀನೂ ಹೇಳಲಿಲ್ಲ.'

'ಹೇಳ್ಲಿಲ್ಲ. ಹೇಳಿದ್ರೆ ನೀವು ಮತ್ತೆ ಅಲ್ಲಿಗೆ ಹೋಗ್ತಿದ್ರಾ? ನಿಜ ಹೇಳಿ.'

'ಇಲ್ಲ.'

'ಅದಕ್ಕೇ. ಒಂದು ತಿಂಗಳಿಂದ ನಿಮ್ಮ ಮುಖ ಕಾಯ್ತಾ ಇದೀನಿ ರೀ. ಏನಾದ್ರೂ ಆದ್ರೆ ನನಗೆ ಹೇಳೇ ಹೇಳ್ತಾರೆ, ಅಷ್ಟಾದ್ರೂ ಹೇಳ್ತಾರೆ ಅಂದ್ಕೊಂಡಿದ್ದೆ. ಬಿಡಿ. ನಾವಿಬ್ಬರೂ ಜಾಣರೇ.'

ಎದ್ದಳು. ಡಾಕ್ಟರಿಗೆ ಆಗಲೇ ಫೋನ್ ಮಾಡಿದ್ದಾಳಂತೆ. ಈಗಲೇ ಕರೆದುಕೊಂಡು ಬನ್ನಿ, ಮಷಿನ್ ಇರುವ ಕಡೆಯ ಕೈ ಅಲುಗಿಸದೆ, ಎಂದರಂತೆ. ಅಂಗಿಯನ್ನು ಇವಳೇ ಹಾಕಿದಳು. ಗುಂಡಿ ಹಾಕುವಾಗ ಯಂತ್ರ ಇರುವ ಕಡೆ ಬೆರಳು ತಾಗದ ಹಾಗೆ ನೋಡಿಕೊಂಡಳು. ಮೇಲಿನ ಗುಂಡಿಯ ಹತ್ತಿರ ಕೈ ನಿಂತಿತು.

'ಕಾರಲ್ಲಿ ಮಾತಾಡ್ಬೇಡಿ. ಅಲ್ಲಿ ಹೋಗಿ ಎಲ್ಲಾ ಹೇಳಿ. ಡಾಕ್ಟರು ಏನು ಮಾಡಿದ್ರು ಅನ್ನೋದು ಆಮೇಲೆ. ಬೇಕಾದ್ರೆ ನಾನೇ ನಿಮ್ಮ ಜೊತೆ ಕೂತು ಕೇಳ್ತೀನಿ. ಮೊದಲು ನಿಮ್ಮದು.'

ಹೊರಗೆ ಕಾರು ತೆಗೆಯುತ್ತಿದ್ದಾಳೆ. ಹಿಂದಕ್ಕೆ ತೆಗೆಯುವುದು ಇವಳಿಗೆ ಯಾವಾಗಲೂ ಕಷ್ಟ. ಅಷ್ಟು ಹೊತ್ತು ಇದೆ. ಅಲ್ಲಿ ಹೋದ ಮೇಲೆ ಮಾತು ಮತ್ತೆ ತಿರುಗಿಬಿಡಬಹುದು. ನನ್ನನ್ನು ನಾನು ಬಲ್ಲೆ. ಪೆಡಲ್ ಮೇಲೆ ಯಾರ ಕಾಲಿತ್ತು ಎಂಬಲ್ಲಿಂದಲೇ ಶುರು ಮಾಡಿಬಿಡುತ್ತೇನೆ. ಹೇಳಬೇಕಾದದ್ದನ್ನು ಹೇಳುವ ಹಾಗೆಯೇ ಇಲ್ಲಿ ಬರೆದುಕೊಳ್ಳುತ್ತೇನೆ.

ಡಾಕ್ಟರೇ, ಎಡಗೈಯನ್ನು ಮೇಲಕ್ಕೆತ್ತಿ ಹಿಂದಕ್ಕೆ ತೆಗೆದುಕೊಂಡರೆ ನಾಡಿ ನಿಲ್ಲುತ್ತದೆ. ಕೈ ಇಳಿಸಿದರೆ ಬರುತ್ತದೆ. ಮೊದಲ ಸಲ ಆದದ್ದು ಚೆಕಪ್‌ಗೆ ಮುಂಚೆ. ಅವತ್ತು ನೀವು ಕಣ್ಣು ಕತ್ತಲೆ ಬರುತ್ತದೆಯೇ ಎಂದು ಕೇಳಿದಾಗ ನಾನು

ಹಾರ್ನ್. ಬಂದೆ. ಕೇಳಿದಾಗ ನಾನು